ಭಾವನ ಮಂಚದ ಸ್ಪ್ರಿಂಗು, ಊರಿನ ಹಿಮದಾರಿ

ನಮ್ಮೂರಿನಲ್ಲಿ ಜನವರಿ ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ದಾರಿ ಹೇಗಿದೆ? ಕಾರು ಹೋಗುವ ದಾರಿಯಲ್ಲ. ಆಲೂಗಡ್ಡೆ ಹೊಲಗಳನ್ನು ದಾಟಿ, ಕಾಡು ಹೊಕ್ಕು, ಕೆನಡಾ ಗಡಿಯ ನದಿಯವರೆಗೆ ಹೋಗುವ, ಹಿಮದ ಮೇಲೆ ಜಾರುತ್ತ ಓಡುವ ಸ್ನೋಮೊಬೈಲ್ ಗಾಡಿಗಳ ದಾರಿ. ಅಮೆರಿಕದ ಮೇನ್ ರಾಜ್ಯದ ಈ ಮೇಲ್ತುದಿಗೆ ಚಳಿಗಾಲದಲ್ಲಿ ಜನ ಬರುವುದೇ ಅದಕ್ಕಾಗಿ. ನನ್ನ ಅಕ್ಕ ಜನೀನ್ ಮತ್ತು ಭಾವ ರೊಸೇರ್ ಇಲ್ಲೊಂದು ಪುಟ್ಟ ಹೋಟೆಲು ನಡೆಸುತ್ತಾರೆ. ನಾನು ಅಲ್ಲಿ ಅಡುಗೆಯವಳು. ಚಳಿಗಾಲದಲ್ಲಿ ಕೋಣೆಗಳು ತುಂಬಿದರೆ ವರ್ಷವಿಡೀ ನಮ್ಮ ಹೊಟ್ಟೆಪಾಡು ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ.

ಆ ವರ್ಷ ದಾರಿಯನ್ನು ಹದ ಮಾಡುವ ದೊಡ್ಡ ಯಂತ್ರ ಕೆಟ್ಟು ಕೂತಿತು. ದಾರಿ ನೋಡಿಕೊಳ್ಳುವ ಊರಿನ ಸ್ನೋಮೊಬೈಲ್ ಕ್ಲಬ್ಬಿನ ಪರವಾಗಿ ಅದನ್ನು ಓಡಿಸುವವಳು ನೊಯೆಲಾ. ಹಿಂದೆ ಶಾಲೆಯ ಬಸ್ಸು ಓಡಿಸುತ್ತಿದ್ದಳು, ಭಾವನ ಜೊತೆಯಲ್ಲೇ ಓದಿದವಳು. ಶುಕ್ರವಾರ ಬೆಳಿಗ್ಗೆ ನಮ್ಮ ಅಡುಗೆಮನೆಗೇ ಬಂದಳು.

"ರೊಸೇರ್, ಯಂತ್ರದ ಚಕ್ರದ ಪಟ್ಟಿ ಹರಿದುಹೋಗಿದೆ. ಕ್ಲಬ್ಬಿನ ಕೈ ಖಾಲಿ. ಅಂಗಡಿಯೋರು, ಹೋಟೆಲಿನೋರು ಎಲ್ಲ ಚಂದಾ ಕೊಟ್ಟು ಸದಸ್ಯರಾದ್ರೆ ರಿಪೇರಿ ಆಗತ್ತೆ. ನೀನು ಹೂಂ ಅಂದ್ರೆ ಉಳಿದೋರೂ ಬರ್ತಾರೆ ಕಣೋ."

"ಆಕಾಶದಿಂದ ಪುಕ್ಕಟೆ ಬೀಳೋ ಹಿಮಕ್ಕೆ ನಾನ್ಯಾಕೆ ದುಡ್ಡು ಕಟ್ಲಿ? ಗಾಡಿ ಇರೋರೆಲ್ಲ ಸರ್ಕಾರಕ್ಕೆ ನೋಂದಣಿ ಫೀ ಕಟ್ತಾರಲ್ಲ, ಅದೆಲ್ಲಿ ಹೋಯ್ತು?"

"ಅದ್ರಲ್ಲಿ ನಮಗೊಂದು ಪಾಲು ಬರತ್ತೆ. ಡೀಸೆಲ್‌ಗೇ ಸಾಕಾಗಲ್ಲ. ಉಳಿದಿದ್ದಕ್ಕೆ ಚರ್ಚಿನ ಸಭಾಂಗಣದಲ್ಲಿ ಬೀನ್ಸ್ ಊಟ ಹಾಕಿ ದುಡ್ಡು ಎತ್ತೋದು. ನೀನು ಬರ್ತೀಯ, ಎರಡು ತಟ್ಟೆ ತಿಂತೀಯ, ಒಂದಕ್ಕೆ ಕೊಟ್ಟು ಹೋಗ್ತೀಯ."

ಅಕ್ಕ ಕಿಸಕ್ಕನೆ ನಕ್ಕಳು. ಭಾವನಿಗೆ ಮೈಯೆಲ್ಲ ಉರಿಯಿತು.

"ನಮ್ಮಪ್ಪನ ಕಾಲದಲ್ಲಿ ಯಾವ ಯಂತ್ರ ಇತ್ತು? ಹಳೇ ಮಂಚದ ಸ್ಪ್ರಿಂಗಿನ ಚೌಕಟ್ಟನ್ನ ಗಾಡಿ ಹಿಂದೆ ಕಟ್ಟಿ ಎಳೀತಿದ್ರು. ದಾರಿ ಇಸ್ತ್ರಿ ಹಾಕಿದ ಹಾಗೆ ಆಗ್ತಿತ್ತು."

"ಆಗ ವಾರಕ್ಕೆ ನಾಲ್ಕು ಗಾಡಿ ಓಡ್ತಿದ್ವು. ಈಗ ಎಷ್ಟು ಓಡ್ತವೆ, ನೀನೇ ಹೇಳು."

ಭಾವ ಕಿವಿಗೇ ಹಾಕಿಕೊಳ್ಳಲಿಲ್ಲ. ಹಟ ಹಿಡಿದರೆ ಅವರು ಪಾದ್ರಿಯ ಮಾತನ್ನೂ ಕೇಳುವವರಲ್ಲ.

ಶನಿವಾರ ಬೆಳಿಗ್ಗೆ ಕೊಟ್ಟಿಗೆಯ ಅಟ್ಟದಿಂದ ಅಪ್ಪನ ಕಾಲದ ಆ ತುಕ್ಕು ಸ್ಪ್ರಿಂಗನ್ನು ಇಳಿಸಿ, ತಮ್ಮ ಗಾಡಿಗೆ ಕಟ್ಟಿ, ನಮ್ಮ ಹೋಟೆಲಿನಿಂದ ಮರದ ಸೇತುವೆಯವರೆಗೂ ಎಳೆದು ಬಂದರು. ನಿಜ ಹೇಳಬೇಕೆಂದರೆ ದಾರಿ ನೋಡಲು ಚೆಂದವಾಗಿಯೇ ಇತ್ತು. ಮೀಸೆ ತಿರುವುತ್ತ ಕಾಫಿ ಕುಡಿದರು. ಪ್ರತಿವರ್ಷ ದಕ್ಷಿಣದಿಂದ ಬಂದು ನಮ್ಮಲ್ಲೇ ಉಳಿಯುವ ಒಂದು ಗುಂಪು ಆಗಷ್ಟೇ ಹೊರಟಿತು, ಗಾಡಿಯ ಹಿಂದೆ ಗಾಡಿ.

ಊಟದ ಹೊತ್ತಿಗೆಲ್ಲ ಅವರು ವಾಪಸ್. ಯಾರೂ ಕುರ್ಚಿಯ ಮೇಲೆ ಕೂರಲಿಲ್ಲ. ಸೊಂಟ ಹಿಡಿದುಕೊಂಡು, ನಾನು ಹುಯ್ದ ಪ್ಲೋಯ್ ಎಂಬ ನಮ್ಮೂರ ದೋಸೆಯನ್ನು ನಿಂತೇ ತಿಂದರು. ಗುಂಪಿನ ಹಿರಿಯಾಕೆ ಅಕ್ಕನ ಹತ್ತಿರ ಮೆಲ್ಲಗೆ ಹೇಳಿದರು:

"ಊಟ ಚೆನ್ನಾಗಿದೆ ಜನೀನ್, ಹಾಸಿಗೇನೂ ಚೆನ್ನಾಗಿದೆ. ಆದ್ರೆ ನಾವು ಬರೋದು ದಾರಿಗೋಸ್ಕರ. ನಾಳೆ ಬೇರೆ ಊರಿಗೆ ಹೋಗ್ತೀವಿ. ಮುಂದಿನ ತಿಂಗಳ ಕೋಣೆಗಳೂ ಬೇಡ, ಬೇಜಾರು ಮಾಡ್ಕೋಬೇಡಿ."

ಅಕ್ಕನ ಮುಖ ಬಿಳಿಚಿಕೊಂಡಿತು. ಒಳಗೆ ಬಂದು ಭಾವನಿಗೆ ಅಂದಳು, "ನಂಗೆ ಹೆದರಿಕೆ ಆಗ್ತಿದೆ ರೀ. ಇವರೇ ಹೋದ್ರೆ ಇನ್ಯಾರು ಬರ್ತಾರೆ? ಹೋಟೆಲು ಮುಚ್ಚಿ ನಾವೇನು ಮಾಡೋಣ?"

ಭಾವ ಕೋಟು ಹಾಕಿಕೊಂಡು ಹೋಗಿ ನೊಯೆಲಾಳನ್ನು ಕರೆತಂದರು. ಅವಳು ಸಲಿಕೆ ತೆಗೆದುಕೊಂಡು, ನಾವೆಲ್ಲ ನೋಡುತ್ತಿದ್ದಂತೆ, ದಾರಿಯ ನಡುವೆ ಅಡ್ಡಕ್ಕೆ ಅಗೆದಳು.

"ನೋಡು. ಗಾಡಿಗಳು ಓಡಿ ಓಡಿ ಎದ್ದ ಉಬ್ಬು ಕಲ್ಲಾಗಿದೆ. ನಿನ್ನ ಸ್ಪ್ರಿಂಗು ಅದರ ತಲೆ ಸವರಿ, ಪುಡಿ ಹಿಮವನ್ನ ತಗ್ಗಿಗೆ ತುಂಬಿದೆ, ಅಷ್ಟೇ. ಮೊದಲ್ನೇ ಗಾಡಿಗೆ ಸಪಾಟು. ಹಿಂದಿನೋರು ಬರೋ ಹೊತ್ತಿಗೆ ಪುಡಿಯೆಲ್ಲ ಹಾರಿಹೋಗಿ, ಅವರ ಸೊಂಟ ಮುರೀತು."

"ಮತ್ತೆ ಏನು ಮಾಡ್ಬೇಕು?"

"ಉಬ್ಬನ್ನ ಬುಡದವರೆಗೆ ಕೊಯ್ದು, ಕಲಸಿ, ಒತ್ತಿ ಕೂರಿಸ್ಬೇಕು. ಆಮೇಲೆ ಯಾರೂ ತುಳೀದ ಹಾಗೆ ಹೆಪ್ಪುಗಟ್ಟೋಕೆ ಬಿಡಬೇಕು. ಭಾರದ ಯಂತ್ರ ಇಲ್ದೆ ಅದಾಗಲ್ಲ. ಯಂತ್ರಕ್ಕೆ ಎಣ್ಣೆ ಬೇಕು, ಬಿಡಿಭಾಗ ಬೇಕು. ದಾರಿಯಿಂದ ಉಣ್ಣೋರೇ ಕೊಡದಿದ್ರೆ ಇನ್ಯಾರು ಕೊಡ್ತಾರೆ ರೊಸೇರ್?"

ಭಾವ ಬಗ್ಗಿ ಆ ಗುಂಡಿಯಲ್ಲಿ ಕಲ್ಲಾದ ಉಬ್ಬನ್ನು ಮುಟ್ಟಿ ನೋಡಿದರು. "ನಂದೇ ತಪ್ಪು ಕಣೇ," ಅಂದರು. ಮದುವೆಯಾದಾಗಿನಿಂದ ಆ ಮಾತನ್ನು ಅವರ ಬಾಯಲ್ಲಿ ಕೇಳಿರಲಿಲ್ಲವೆಂದು ಅಕ್ಕ ಇವತ್ತಿಗೂ ಹೇಳುತ್ತಾಳೆ.

ಅಂದೇ ಸದಸ್ಯರಾದರು. ಪೆಟ್ರೋಲ್ ಬಂಕಿನವನನ್ನೂ ಕಿರಾಣಿ ಅಂಗಡಿಯವನನ್ನೂ ತಾವೇ ಹೋಗಿ ಒಪ್ಪಿಸಿದರು. ಗುಂಪು ಮಾತ್ರ ಭಾನುವಾರ ಹೊರಟೇಹೋಯಿತು. ವಾರವೆಲ್ಲ ಕೋಣೆಗಳು ಖಾಲಿ ಬಿದ್ದಿದ್ದವು, ನಮಗೆ ಊಟ ಸೇರಲಿಲ್ಲ.

ಯಂತ್ರಕ್ಕೆ ಹೊಸ ಪಟ್ಟಿ ಬಂತು. ಮುಂದಿನ ಗುರುವಾರ ಸಂಜೆ ನೊಯೆಲಾ ಯಂತ್ರ ಹೊರಡಿಸಿದಳು. ಅವಳು ದಾರಿ ಒತ್ತುತ್ತ ನಮ್ಮ ಹೋಟೆಲು ದಾಟಿ ಹೋದ ಹೊತ್ತಿಗೆ ಹೊಸಬರು ನಾಲ್ವರು ಊಟ ಮುಗಿಸಿ ಹೆಲ್ಮೆಟ್ ಹಾಕಿಕೊಂಡರು. ಭಾವ ಬಾಗಿಲಿಗೆ ಅಡ್ಡ ನಿಂತರು.

"ದಾರಿ ಹೆಪ್ಪುಗಟ್ತಾ ಇದೆ. ಇವತ್ತು ಯಾರೂ ಅದನ್ನ ತುಳಿಯೋ ಹಾಗಿಲ್ಲ. ಕೂತ್ಕೊಳ್ಳಿ, ಕಡುಬು ನನ್ನ ಲೆಕ್ಕ."

ಮರುದಿನ ಬೆಳಿಗ್ಗೆ ಹೋದ ಆ ನಾಲ್ವರು ಸಂಜೆಯಾದರೂ ಬರಲಿಲ್ಲ. ಅಕ್ಕ ಕಿಟಕಿಗೂ ಒಲೆಗೂ ಓಡಾಡುತ್ತಿದ್ದಳು. ಕತ್ತಲಾಗುವಾಗ ಅವರು ನಗುತ್ತ ಬಂದು, "ದಾರಿ ಬಿಟ್ಟು ಬರೋಕೇ ಮನಸ್ಸಾಗ್ಲಿಲ್ಲ. ಇನ್ನೆರಡು ದಿನ ಕೋಣೆ ಸಿಗತ್ತಾ?" ಎಂದು ಕೇಳಿದರು. ಅಕ್ಕ ಅಲ್ಲೇ ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಹಳೆಯ ಗುಂಪಿನ ಹಿರಿಯಾಕೆಗೆ ಫೋನು ಮಾಡಿದಳು. ಮಾರ್ಚಿನಲ್ಲಿ ಅವರೂ ಬಂದರು.

ಇದನ್ನು ಓದುತ್ತಿರುವ ನಮ್ಮೂರಿನವರೇ, ನೀವು ಗಾಡಿ ಓಡಿಸದೇ ಇರಬಹುದು. ಆದರೆ ನೀವು ಬ್ರೆಡ್ಡು ಮಾರುತ್ತೀರಿ, ಎಂಜಿನ್ ರಿಪೇರಿ ಮಾಡುತ್ತೀರಿ, ಕೋಣೆ ಗುಡಿಸುತ್ತೀರಿ. ನಿಮ್ಮ ಮನೆಯ ಒಲೆಯೂ ಈ ದಾರಿಯಿಂದಲೇ ಉರಿಯುತ್ತದೆ. ಹಿಮ ಬೀಳುವ ಮೊದಲೇ ಕ್ಲಬ್ಬು ಸೇರಿ. ದುಡ್ಡಿಲ್ಲವೇ, ಒಂದು ಶನಿವಾರ ಬಂದು ದಾರಿಗೆ ಬಿದ್ದ ಮರ ಕಡಿಯಿರಿ. ಸೇರುವುದು ಹೇಗೆಂದು ತಿಳಿಯದಿದ್ದರೆ ನಮ್ಮ ಹೋಟೆಲಿಗೆ ಬನ್ನಿ. ಭಾವ ಹೇಳುತ್ತಾರೆ. ನೀವು ಕೇಳದಿದ್ದರೂ ಹೇಳುತ್ತಾರೆ, ಸೇರುವವರೆಗೂ ಬಿಡುವುದಿಲ್ಲ.