ಅರವತ್ತಾರರ ಆಚೆಯ ಕಥೆ

ಕರುಣವ್ವ ಕಣ್ಣಿನ ಆಪರೇಷನ್‌ಗೆ ಒಪ್ಪಿದ್ದು ಡಾಕ್ಟರ ಮಾತಿಗಲ್ಲ, ಮಗ ಸಾಗರನ ಸಿಟ್ಟಿಗೂ ಅಲ್ಲ. ಸೊಸೆ ನೀಲಾ ಹೇಳಿದ ಒಂದು ಕಥೆಗೆ.

ಎರಡೂ ಕಣ್ಣಿಗೆ ಪೊರೆ ಬೆಳೆದು, ಅಕ್ಕಿ ಯಾವುದು ಹರಳು ಯಾವುದು ತಿಳಿಯದೆ ಅವಳಿಗೆ ವರ್ಷವೇ ಆಗಿತ್ತು. ಆದರೂ ಹಾನಗಲ್ಲಿನ ಆ ಮನೆಯ ಹಿತ್ತಲಲ್ಲಿ ಸೊಸೆ ಮೊರ ಹಿಡಿದು ಕೂತರೆ ತಾನೂ ಬಂದು ಕೂತು ಅಕ್ಕಿಯಲ್ಲಿ ಬೆರಳಾಡಿಸುವಳು. ಆಪರೇಷನ್ ಮಾತೆತ್ತಿದರೆ ಮಾತ್ರ, "ಕತ್ತರಿ ಹಾಕಾಕ ಇದೇನ್ ಕಣ್ಣೋ, ಕುಬಸದ ಅರಿವಿಯೋ?" ಎಂದು ಎದ್ದುಬಿಡುವಳು.

ಹಾಗೆ ಎದ್ದವಳನ್ನು ಕೂರಿಸಲಿಕ್ಕೆಂದೇ ನೀಲಾ ಒಂದು ಮಧ್ಯಾಹ್ನ, ಬೈಬಲ್ಲಿನದೆಂದು ತನ್ನ ಅಜ್ಜಿ ಹೇಳುತ್ತಿದ್ದ ಕಥೆ ತೆಗೆದಳು. ಸೆರೆಯಾಳಾಗಿ ದೂರದ ದೇಶಕ್ಕೆ ಹೋಗಿ ಅಲ್ಲೇ ಮನೆಮಾಡಿದ್ದ ಒಬ್ಬ ಧರ್ಮವಂತ ಮುದುಕ. ಗೋಡೆಯ ಬದಿಗೆ ಮಲಗಿದ್ದಾಗ ಗುಬ್ಬಿಯ ಹಿಕ್ಕೆ ಬಿದ್ದು ಅವನ ಕಣ್ಣಿಗೆ ಬಿಳಿ ಪೊರೆ ಕಟ್ಟಿತು. ಮಗ ಪರವೂರಿಗೆ ಹೊರಟ. ದಾರಿಗೆ ಜತೆಯಾದವನು ಮನುಷ್ಯನ ವೇಷದ ದೇವದೂತ. ಮನೆಯ ನಾಯಿಯೂ ಬೆನ್ನು ಹತ್ತಿತು. ಹೊಳೆಯಲ್ಲಿ ಹಿಡಿದ ಮೀನಿನ ಪಿತ್ತವನ್ನು ಜೋಪಾನವಾಗಿ ತಂದು ಮಗ ಅಪ್ಪನ ಕಣ್ಣಿಗೆ ಹಚ್ಚಿದ. ಪೊರೆ ಮೂಲೆಯಿಂದ ಸುಲಿದು ಬಂತು.

"ಮಗ ಬಂದಾನಂತ ಮನ್ಯಾಗ ಹೆಂಗ ಗೊತ್ತಾತು?" ಎಂದು ಕೇಳಿದ್ದಳು ಕರುಣವ್ವ.

"ನಾಯಿ ಎಲ್ಲಾರಕ್ಕಿಂತ ಮುಂದ ಓಡಿ ಬಂತ್ರಿ ಅತ್ತಿ, ಬಾಲ ಅಲ್ಲಾಡಿಸ್ಕೋತ. ಮಗನ ದಾರಿ ನೋಡ್ಕೋತ ಕುಂತಿದ್ದ ತಾಯಿ ಅದನ್ನ ನೋಡಿ ಎದ್ಲು."

ಅಕ್ಕಿಯಲ್ಲಿ ಆಡುತ್ತಿದ್ದ ಕರುಣವ್ವನ ಬೆರಳುಗಳು ನಿಂತವು. "ಸತ್ಯವೇದದಾಗ ಐತಿ ಅಂದಮ್ಯಾಲೆ ಮುಗೀತು," ಎಂದಳು ಕಡೆಗೆ. "ಹುಬ್ಬಳ್ಳಿ ದವಾಖಾನಿಗೆ ಫೋನ್ ಮಾಡಂತ ಸಾಗರಗ ಹೇಳು."

ಗುರುವಾರಕ್ಕೆ ದಿನ ಗೊತ್ತಾಯಿತು. ಅಕ್ಕಿಆಲೂರಿನ ರೈಸ್‌ಮಿಲ್ಲಿನಲ್ಲಿ ಕೆಲಸ ಮಾಡುವ ಸಾಗರ ರಜೆ ಕೇಳಿ ಬಂದ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ನೀಲಾಗೆ ಈ ಮನೆಯ ಗೋಡೆಗಳು ತನ್ನವೂ ಅನ್ನಿಸಿದವು. ಅವಳು ಮುಂಡಗೋಡದ ಕಡೆಯ ಕ್ಯಾಥೊಲಿಕರ ಹುಡುಗಿ. ಈ ಮನೆಯವರು ಮಿಶನ್ ಕಾಲದಿಂದ ಪ್ರೊಟೆಸ್ಟಂಟರು. ಒಬ್ಬನೇ ಯೇಸು, ಆದರೂ ಎರಡು ಕಡೆಯವರೂ ಮದುವೆಯ ದಿನ ಹುಳ್ಳಗೆ ನಕ್ಕಿದ್ದರು. ಅತ್ತೆಯ ಕಣ್ಣು ಮಂಜಾದ ಮೇಲೆ ಸಂಜೆಯ ಪ್ರಾರ್ಥನೆಗೆ ಸತ್ಯವೇದ ಓದುವ ಕೆಲಸ ನೀಲಾಳದಾಗಿತ್ತು. ಅದೊಂದೇ ಹೊತ್ತಿನಲ್ಲಿ ಅತ್ತೆ ಅವಳ ಕಡೆಗೆ ಮುಖವಿಟ್ಟು ಕೂರುತ್ತಿದ್ದಳು.

ಆದಿತ್ಯವಾರ ಎಲ್ಲವೂ ಕೆಟ್ಟಿತು. ಆರಾಧನೆ ಮುಗಿದು ಹೆಂಗಸರ ಕೂಟದಲ್ಲಿ ಕರುಣವ್ವ ಹೆಮ್ಮೆಯಿಂದ ಆ ಕಥೆ ಹೇಳಿದಳು. "ಯಾವ ಪುಸ್ತಕದಾಗ ಬರ್ತೈತಿ ಅಕ್ಕಾರ?" ಎಂದು ಸುಧಾರಾಣಿ ಎಂಬ ಟೀಚರು ಕೇಳಿದರು. ಅವರೂ ಇವರೂ ಹಾಳೆ ತಿರುವಿದರು. ಎಲ್ಲೂ ಸಿಗಲಿಲ್ಲ. "ನಾಯಿ ಬಾಲ ಅಲ್ಲಾಡಿಸೂದು ಸತ್ಯವೇದದಾಗ? ಚಂದಮಾಮದ ಕಥಿ ಇರಬೇಕ ತಗೋರಿ," ಎಂದು ಯಾರೋ ನಕ್ಕರು.

ಕರುಣವ್ವ ಮನೆಗೆ ಬಂದವಳೇ ಗೋಡೆಗೆ ಒರಗಿ ಕೂತು, ಚಿಕ್ಕಂದಿನ ಸಂಡೇ ಸ್ಕೂಲಿನ ರಾಗದಲ್ಲಿ ಪುಸ್ತಕಗಳ ಹೆಸರು ಹೇಳತೊಡಗಿದಳು. ಆದಿಕಾಂಡದಿಂದ ಹಿಡಿದು ಪ್ರಕಟನೆಯವರೆಗೆ, ಬೆರಳು ಮಡಚುತ್ತ, ಬಿಚ್ಚುತ್ತ. ನೀಲಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಅರವತ್ತಾರು. ನಮ್ಮಪ್ಪ ಬಾಯಿಪಾಠ ಮಾಡಿಸ್ಯಾನ. ಇದರಾಗ ನಿನ್ನ ಮುದುಕ ಎಲ್ಲ್ಯದಾನ ಹೇಳು."

"ನಮ್ಮ ಅಜ್ಜಿ ಹೇಳ್ತಿದ್ಲು ರೀ ಅತ್ತಿ. ಪುಸ್ತಕದ ಹೆಸರು ನನಗೂ ಗೊತ್ತಿಲ್ಲ."

"ಅಜ್ಜಿ ಹೇಳಿದ್ದು ದೇವರ ಮಾತಾಗತೈತೇನು? ಮುದುಕಿನ ದವಾಖಾನಿಗೆ ಸಾಗಹಾಕಾಕ ಕಥಿ ಕಟ್ಟೀದಿ." ಅವಳ ದನಿ ಏರಲಿಲ್ಲ, ಇಳಿಯಿತು. "ದಿನಾ ಸಂಜಿಗೆ ಓದೂದರಾಗನೂ ಏನೇನ್ ಸೇರಿಸ್ತಿಯೋ ಯಾರಿಗೊತ್ತು. ನನಗೇನ್ ಕಾಣ್ತೈತಿ?"

ಆ ಸಂಜೆ ಸತ್ಯವೇದ ಮೊಳೆಗೆ ತೂಗುಹಾಕಿದ ಚೀಲದಲ್ಲೇ ಉಳಿಯಿತು. ಗುರುವಾರ ಹುಬ್ಬಳ್ಳಿಗೆ ಹೋಗುವುದಿಲ್ಲವೆಂದು ಕರುಣವ್ವ ಮಗನಿಗೆ ಹೇಳಿಬಿಟ್ಟಳು. ಸಾಗರ ಹೆಂಡತಿಯ ಮುಖ ನೋಡಿದ. "ನೀನ ಕಟ್ಟಿದ್ದೇನ ಅದು?" ಎಂದು ಮೆಲ್ಲಗೆ ಕೇಳಿದ. ಅತ್ತೆಯ ಮಾತಿಗಿಂತ ಅದು ಹೆಚ್ಚು ಚುಚ್ಚಿತು. ಯಾಕೆಂದರೆ ನೀಲಾ ತನ್ನನ್ನೇ ಅದನ್ನು ಕೇಳಿಕೊಳ್ಳುತ್ತಿದ್ದಳು. ತನ್ನದಲ್ಲ; ಅಜ್ಜಿಯದಾಗಿದ್ದರೆ? ಓದುಬರಹ ಬಾರದ ಅಜ್ಜಿ, ಒಲೆಯ ಮುಂದೆ ಮೊಮ್ಮಕ್ಕಳನ್ನು ಸುಮ್ಮನಾಗಿಸಲಿಕ್ಕೆ ಕಟ್ಟಿದ್ದಾಗಿದ್ದರೆ?

ಮರುದಿನ ಅವಳು ಶಿಗ್ಗಾವಿಯ ಬಸ್ಸು ಹತ್ತಿದಳು. ಅಲ್ಲಿ ಕ್ಯಾಥೊಲಿಕ್ ಸಿಸ್ಟರುಗಳ ಒಂದು ಚಿಕ್ಕ ಮನೆ ಇತ್ತು. ಮಂಗಳೂರು ಕಡೆಯ ಹಿರಿಯ ಸಿಸ್ಟರೊಬ್ಬರು ಗುಲಾಬಿ ಕುಂಡಗಳಿಗೆ ಗೊಬ್ಬರ ಹಾಕುತ್ತಿದ್ದವರು ಮಣ್ಣಿನ ಕೈಯಲ್ಲೇ ಅವಳ ಮಾತು ಪೂರ್ತಿ ಕೇಳಿದರು. ಕೈ ತೊಳೆದು ಬಂದು ಒಂದು ದಪ್ಪ ಬೈಬಲ್ಲು ತೆರೆದು, ನಡುವಿನ ಒಂದು ಹಾಳೆಯ ಮೇಲೆ ಬೆರಳಿಟ್ಟರು.

ಮುದುಕ ಇದ್ದ. ಗುಬ್ಬಿ ಇತ್ತು. ಮೀನು ಇತ್ತು. ನೀಲಾಗೆ ಅಜ್ಜಿಯ ಸೆರಗಿನ ಹೊಗೆವಾಸನೆ ಬಂದಂತಾಯಿತು.

"ಹಾಗಾದ್ರ ನಮ್ಮ ಅತ್ತಿ ಪುಸ್ತಕದಾಗ ಯಾಕಿಲ್ರಿ ಸಿಸ್ಟರ್? ಯಾರರ ಹರಿದು ತಗದ್ರೇನು?"

ಸಿಸ್ಟರು ನಕ್ಕರು. "ಅಷ್ಟು ಸುಲಭ ಅಲ್ಲಮ್ಮ. ಯೆಹೂದ್ಯರ ಗ್ರಂಥಗಳು ಇದ್ದದ್ದು ಹೆಚ್ಚಾಗಿ ಹೀಬ್ರೂವಿನಲ್ಲಿ. ಯೇಸುವಿಗಿಂತ ಮೊದಲೇ ಈಜಿಪ್ಟಿನ ಕಡೆ ಇದ್ದವರು ಅವನ್ನು ಗ್ರೀಕಿಗೆ ತಂದರು. ಆ ಗ್ರೀಕ್ ಗ್ರಂಥಗಳ ಜತೆ ಈ ಕಥೆಯೂ ಇತ್ತು. ಮುಂದೆ ಯೆಹೂದ್ಯರು ತಮ್ಮ ಪಟ್ಟಿ ಗಟ್ಟಿ ಮಾಡಿದಾಗ ಇದನ್ನು ಸೇರಿಸಲಿಲ್ಲ. ಪ್ರೊಟೆಸ್ಟಂಟರು ಆ ಪಟ್ಟಿಯನ್ನು ಹಿಡಿದರು, ನಾವು ಗ್ರೀಕಿನದನ್ನು ಬಿಡಲಿಲ್ಲ. ಕಳೆದ ಶತಮಾನದಲ್ಲಿ ಮೃತಸಮುದ್ರದ ಹತ್ತಿರ ಗವಿಗಳಲ್ಲಿ ಹಳೆಯ ಸುರುಳಿಗಳ ಚೂರು ಸಿಕ್ಕವು. ಅವುಗಳಲ್ಲಿ ಈ ಕಥೆ ಅರಮಾಯಿಕಿನಲ್ಲೂ ಇದೆ, ಹೀಬ್ರೂವಿನಲ್ಲೂ ಇದೆ. ನಿಮ್ಮತ್ತೆಯ ಪುಸ್ತಕ ಸುಳ್ಳಲ್ಲ, ನಿಮ್ಮಜ್ಜಿಯೂ ಸುಳ್ಳಲ್ಲ."

ನೀಲಾ ಓದುತ್ತ ಮಗ ಮನೆಗೆ ಮರಳುವ ಜಾಗಕ್ಕೆ ಬಂದಳು. ಅಲ್ಲಿ ಅವಳ ಬೆರಳು ನಿಂತಿತು. ನಾಯಿ ಅವರ ಹಿಂದೆ ಬಂತೆಂದು ಇತ್ತು, ಅಷ್ಟೆ. ಮುಂದೆ ಓಡಿರಲಿಲ್ಲ. ಬಾಲ ಅಲ್ಲಾಡಿಸಿರಲಿಲ್ಲ.

"ಲ್ಯಾಟಿನ್ನಿನ ಹಳೆಯ ಅನುವಾದದಲ್ಲಿ ಅಲ್ಲಾಡಿಸುತ್ತದೆ," ಎಂದರು ಸಿಸ್ಟರು. "ನಿಮ್ಮಜ್ಜಿಗೆ ಹೇಳಿದ ಪಾದ್ರಿಗಳು ಲ್ಯಾಟಿನ್ ಓದಿದ ಕಾಲದವರಿರಬೇಕು. ಒಂದೊಂದು ಪ್ರತಿಯಲ್ಲಿ ಒಂದೊಂದು ಥರ ನೋಡಿ. ತೆಗೆದುಕೊಂಡು ಹೋಗಿ, ಓದಿ ಮುಗಿಸಿ ತನ್ನಿ."

ಸಂಜೆ ದೀಪ ಹಚ್ಚಿದ ಮೇಲೆ ನೀಲಾ ಆ ಬೈಬಲ್ಲನ್ನು ಅತ್ತೆಯ ತೊಡೆಯ ಮೇಲಿಟ್ಟಳು. ಕರುಣವ್ವ ಅಂಚು ಮುಟ್ಟಿ ನೋಡಿದಳು. "ನಮ್ಮದಕ್ಕಿಂತ ದಪ್ಪ ಐತಿ."

"ಹೌದ್ರಿ. ಕೆಲವು ಪುಸ್ತಕ ಹೆಚ್ಚಿಗಿ ಅದಾವ." ಸಿಸ್ಟರು ಹೇಳಿದ್ದನ್ನೆಲ್ಲ ನೀಲಾ ತನಗೆ ತಿಳಿದಷ್ಟು ಹೇಳಿದಳು.

"ಓದು ನೋಡೂಣು," ಎಂದಳು ಕರುಣವ್ವ, ಮುಖ ಗೋಡೆಯ ಕಡೆಗೇ ಇಟ್ಟು.

ನೀಲಾ ಓದಿದಳು. ಗುಬ್ಬಿ ಬಂದಾಗ ಅತ್ತೆಯ ಭುಜ ಸ್ವಲ್ಪ ಇತ್ತ ತಿರುಗಿತು. ಮೀನು ಬಂದಾಗ ಪೂರ್ತಿ ತಿರುಗಿತು. ಮಗ ಊರು ಸಮೀಪಿಸಿದ. ತಾಯಿ ದಾರಿ ನೋಡುತ್ತ ಕೂತಿದ್ದಳು. ನೀಲಾಳ ದನಿ ಸಣ್ಣದಾಯಿತು. ಒಂದು ಸಾಲು ಸೇರಿಸಿದರೆ ಮುಗಿದುಹೋಗುತ್ತಿತ್ತು. ಲ್ಯಾಟಿನ್ನಿನಲ್ಲಂತೂ ಇದೆಯಲ್ಲ, ಪೂರ್ತಿ ಸುಳ್ಳೂ ಅಲ್ಲ. ಕೇಳುತ್ತಿರುವವಳಿಗೆ ಅಕ್ಷರ ಕಾಣುವುದಿಲ್ಲ. ಎಲ್ಲ ಹೇಳಿದವಳು ಇದೊಂದನ್ನು ಮಾತ್ರ ಇನ್ನೂ ಹೇಳಿರಲಿಲ್ಲ.

"ನಾಯಿ?" ಎಂದು ಕೇಳಿದಳು ಕರುಣವ್ವ.

"ಹಿಂದಿಂದ ಬಂತು ಅಂತ ಐತ್ರಿ. ಮುಂದ ಓಡಿದ್ದು, ಬಾಲ ಅಲ್ಲಾಡಿಸಿದ್ದು ಇದರಾಗ ಇಲ್ಲ. ಲ್ಯಾಟಿನ್ ಪುಸ್ತಕದಾಗ ಐತಂತ, ಸಿಸ್ಟರು ಹೇಳಿದ್ರು. ನಾ ನೋಡಿಲ್ಲ."

ಹೊರಗೆ ಓಣಿಯಲ್ಲಿ ಯಾರದೋ ಟ್ರ್ಯಾಕ್ಟರು ಹೋಯಿತು.

"ಐತಿ ಅಂತ ಓದಿದ್ರ ನನಗೇನ್ ಕಾಣ್ತಿತ್ತು?"

"ಅದಕ್ಕನ ಓದಲಿಲ್ರಿ."

ಕರುಣವ್ವ ಕೈ ಚಾಚಿ ತಡಕಾಡಿದಳು. ಮೊದಲು ಹಾಳೆ ಸಿಕ್ಕಿತು, ಆಮೇಲೆ ಹಾಳೆಯ ಮೇಲಿದ್ದ ಸೊಸೆಯ ಬೆರಳು. ಅದನ್ನು ಹಿಡಿದುಕೊಂಡೇ, "ಅಲ್ಲ, ಎಷ್ಟೋ ದಿನದ ಮ್ಯಾಲೆ ಮನಿ ಕಂಡ ನಾಯಿ ಹಿಂದ ನಡಕೋತ ಬರ್ತೈತೇನ?" ಎಂದಳು. "ಇದನ್ನ ಬರದಾವ ನಾಯಿ ಸಾಕಿಲ್ಲ ಬಿಡು. ಲ್ಯಾಟಿನ್ನಾಗ ಬರದಾವಗ ತಿಳಿತಿತ್ತು."

ನೀಲಾಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅತ್ತೆ ಅದನ್ನು ಕೈಯಿಂದಲೇ ತಿಳಿದಳೇನೋ, ಬೆರಳು ಬಿಡಲಿಲ್ಲ.

"ಮುಂದ ಓದು. ಪೊರಿ ಬಿಚ್ಚಿದ ಮ್ಯಾಲೆ ಏನಾತು?"

ಅದು ಅಜ್ಜಿ ಎಂದೂ ಹೇಳದ ಭಾಗವಾಗಿತ್ತು. ಕಣ್ಣು ಬಂದ ಮುದುಕ ಯಾರ ಆಸರೆಯೂ ಇಲ್ಲದೆ ಊರಬಾಗಿಲವರೆಗೆ ನಡೆದುಹೋದ. ಪರವೂರಿನಲ್ಲಿ ಮಗ ಮದುವೆಯಾಗಿದ್ದ; ಹಿಂದಿನಿಂದ ಬರುತ್ತಿದ್ದ ಆ ಹೊಸ ಸೊಸೆಯನ್ನು ಎದುರುಗೊಂಡು, ಮಗಳೇ ಬಾ ಎಂದು ಹರಸಿದ. ನೀಲಾ ಅದನ್ನು ಓದಿದಳು. ಕರುಣವ್ವ ಇನ್ನೊಮ್ಮೆ ಓದು ಎಂದಳು. ಓದಿದಳು.

"ಗುರುವಾರ ಎಷ್ಟಕ್ಕ ಬಿಡ್ತೈತಿ ಹುಬ್ಬಳ್ಳಿ ಬಸ್ಸು?" ಎಂದು ಕೇಳಿದಳು ಕರುಣವ್ವ.

ಹುಬ್ಬಳ್ಳಿಯ ದವಾಖಾನೆಯಲ್ಲಿ ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಸಾಯಂಕಾಲ ಪಟ್ಟಿ ಕಟ್ಟಿದ ಕಣ್ಣಿನಲ್ಲಿ ಕರುಣವ್ವ ಮಂಚದ ಮೇಲೆ ಕಾಲು ನೀಡಿ ಕೂತಿದ್ದಳು. ಪಕ್ಕದ ಮಂಚದಲ್ಲಿ ಯಲವಿಗಿಯ ಹೊಳೆವ್ವ ಎಂಬ ಮುದುಕಿ. ಅವಳ ಸರದಿ ಮರುದಿನ. "ನನಗ ಕೈಕಾಲು ನಡಗಾಕತ್ತಾವ್ರಿ ಅಕ್ಕಾರ," ಎಂದು ಆಕೆ ನಾಲ್ಕನೆಯ ಸಲ ಅಂದಳು.

"ಕುಂಡ್ರ ಇಲ್ಲಿ. ಒಂದು ಕಥಿ ಹೇಳ್ತೇನಿ," ಎಂದಳು ಕರುಣವ್ವ.

ನೀಲಾ ಮೋಸಂಬಿ ಸುಲಿಯುತ್ತ ಕೇಳಿದಳು. ಮುದುಕ ಬಂದ, ಗುಬ್ಬಿ ಬಂತು, ಮೀನು ಬಂತು. ನಾಯಿ ಬಾಲ ಅಲ್ಲಾಡಿಸುತ್ತ ಎಲ್ಲರಿಗಿಂತ ಮುಂದೆ ಓಡಿ ಬಂತು. "ಮಗನ ಜೋಡಿ ಹೊಸಾ ಸೊಸಿನೂ ಬಂದ್ಲು. ಆಕಿ ಒಳಗ ಬಂದಾಕೀನ ಮಾವನ ತಲಿ ತೊಡಿಮ್ಯಾಲೆ ಇಟ್ಕೊಂಡು, ತನ್ನ ಕೈಲೆ ಔಷಧ ಹಚ್ಚಿದ್ಲು. ಪೊರಿ ಬಿಚ್ಕೊಂಡು ಬಂತು."

ನೀಲಾಳ ಕೈಯಲ್ಲಿ ಸಿಪ್ಪೆ ಹಾಗೇ ನಿಂತಿತು. ಗ್ರೀಕಿನಲ್ಲೂ ಹೀಗಿರಲಿಲ್ಲ, ಲ್ಯಾಟಿನ್ನಿನಲ್ಲೂ ಇರಲಾರದು.

"ಸೊಸಿ ಹಚ್ಚಿದ್ಲೇನ್ರಿ? ಮಗ ಅಲ್ಲ?" ಎಂದಳು ಹೊಳೆವ್ವ.

"ಕಣ್ಣಿಗೆ ಔಷಧ ಹಚ್ಚೂದು ಗಂಡಸರಿಗೆ ಏನ್ ತಿಳಿತೈತಿ? ಸೊಸೀನ." ಕರುಣವ್ವ ಪಟ್ಟಿಯ ಮುಖವನ್ನು ನೀಲಾಳ ಕಡೆ ತಿರುಗಿಸಿದಳು. "ಹೌದಿಲ್ಲೇನ ನೀಲಾ? ಹೇಳ ಆಕೀಗೆ."

ನೀಲಾ ಒಂದು ತೊಳೆ ಬಿಡಿಸಿ, ಬೀಜ ತೆಗೆದು ಅತ್ತೆಯ ಅಂಗೈಯಲ್ಲಿಟ್ಟಳು.

"ಹೌದ್ರಿ ಅತ್ತಿ," ಎಂದಳು.