ಎಣ್ಣೆ ಹಚ್ಚಿದ ಬಾಗಿಲು

"ಇನ್ನೊಂದು ಕೈ ಹಚ್ಚಿಬಿಡಿ" ಎಂದಳು ಮನೆಯಾಕೆ.

ಪಾಲಿಶಿನವನು ಬಟ್ಟೆಯ ತುಂಡನ್ನು ಬಾಗಿಲ ಮೇಲೇ ನಿಲ್ಲಿಸಿ ತಿರುಗಿ ನೋಡಿದ. "ಎರಡು ಕೈ ಆಯ್ತಲ್ಲಮ್ಮ. ಮರ ಕುಡಿಯೋಷ್ಟು ಕುಡಿದಿದೆ. ಇನ್ನು ಹಚ್ಚಿದ್ರೆ ಹೊಟ್ಟೆ ತುಂಬಿದೋರಿಗೆ ಬಲವಂತ ಮಾಡಿ ಬಡಿಸಿದ ಹಾಗೆ. ಮೇಲೇ ನಿಂತು ಅಂಟಂಟಾಗುತ್ತೆ."

"ಅಂಟಾದ್ರೆ ಆಗ್ಲಿ ಬಿಡಿ."

"ಆಗ್ಲಿ ಅಂತೀರಿ. ನಾಳೆ ಧೂಳೆಲ್ಲ ಹಿಡ್ಕೊಂಡಾಗ ಬೈಸಿಕೊಳ್ಳೋನು ಯಾರು?"

ಮಗಳ ಬಸ್ಸು ಬರುವವರೆಗೆ ಈ ಬಾಗಿಲು ಒಣಗಬಾರದು ಎಂದು ಅವನಿಗೆ ಹೇಳುವುದಾದರೂ ಹೇಗೆ? "ಟೀ ಕುಡಿದೇ ಹೋಗಬೇಕು" ಎಂದು ಗದರಿಸುವ ದನಿಯಲ್ಲಿ ಹೇಳಿ ಒಳಗೆ ಹೋದಳು.

ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲು ಅದು. ಮಧ್ಯಾಹ್ನ ತಿರುಗಿದರೆ ಸಾಕು, ಬಿಸಿಲು ನೇರ ಅದರ ಎದೆಗೇ ಬಡಿಯುತ್ತಿತ್ತು. ಸಜ್ಜೆಯ ನೆರಳು ಬೀಳುವ ಮೇಲಿನ ಒಂದು ಗೇಣು ಮಾತ್ರ ಇನ್ನೂ ಕಂದು ಬಣ್ಣ ಉಳಿಸಿಕೊಂಡಿತ್ತು. ಉಳಿದದ್ದೆಲ್ಲ ಬೂದಿ ಬಣ್ಣಕ್ಕೆ ತಿರುಗಿ, ಕೂದಲೆಳೆಯಂಥ ಬಿರುಕು ಬಿಟ್ಟು, ಹಳೆಯ ವಾರ್ನಿಶ್ ಚಕ್ಕೆಚಕ್ಕೆಯಾಗಿ ಏಳುತ್ತಿತ್ತು. ವರ್ಷಗಳಿಂದ ಆಕೆ ಹೇಳುತ್ತಲೇ ಇದ್ದಳು. ಯಜಮಾನರದು ಒಂದೇ ಮಾತು: "ಹಾಕೋಕೆ ಬರುತ್ತೆ, ತೆಗೆಯೋಕೆ ಬರುತ್ತೆ. ಬಾಗಿಲಿಗೆ ಇನ್ನೇನು ಬೇಕು?"

ಅವರಿಗೆ ಹೆಚ್ಚಾಗಿ ಹಾಕೋಕೇ ಬರುತ್ತಿದ್ದದ್ದು. ಕೆಲಸವಿದ್ದಷ್ಟು ಕಾಲ ಗೋದಾಮಿನ ಬೀಗ ಕಾದವರು. ಮಲಗುವ ಮುಂಚೆ ಎದ್ದೆದ್ದು ಹೋಗಿ ಚಿಲಕ ಅಲ್ಲಾಡಿಸಿ ನೋಡುವವರು. ಬೀದಿಯ ಹುಡುಗರು ಬೆನ್ನ ಹಿಂದೆ 'ಚಿಲಕ' ಎಂದೇ ಕರೆಯುತ್ತಿದ್ದರು.

ನಾಲ್ಕು ತಿಂಗಳ ಹಿಂದೆ ಮಗಳು ಗಂಡನ ಮನೆ ಬಿಟ್ಟು ಸೂಟ್‌ಕೇಸ್ ಹಿಡಿದು ಬಂದಾಗಲೂ ಅವರು ಮಾಡಿದ್ದು ಅದನ್ನೇ. ಬೈಯಲಿಲ್ಲ, ದನಿ ಕೂಡ ಏರಿಸಲಿಲ್ಲ. "ಹೊಂದಿಕೊಂಡು ಹೋಗ್ಬೇಕಮ್ಮ" ಎಂದಷ್ಟೇ ಅಂದು, ಬಾಗಿಲು ಹಾಕಿ ಚಿಲಕ ಏರಿಸಿದರು. ಪಾತ್ರೆ ಒರೆಸುವ ಬಟ್ಟೆ ಹಿಡಿದು ಹಿಂದೆಯೇ ನಿಂತಿದ್ದ ಆಕೆಯ ಬಾಯಿಂದ ಒಂದು ಮಾತು ಹೊರಡಲಿಲ್ಲ. ಮಗಳು ಗೆಳತಿಯ ರೂಮು ಸೇರಿಕೊಂಡಳು. ಅಂದಿನಿಂದ ಆಕೆಗೆ ಗಂಡನ ಮೇಲೆ ಎಷ್ಟು ಸಿಟ್ಟೋ ತನ್ನ ಮೇಲೆ ಅದರ ಎರಡರಷ್ಟು.

ಮೊನ್ನೆ ಮಗಳೇ ಫೋನಿನಲ್ಲಿ ಅಂದಿದ್ದಳು: "ನೀನು ಕರೀತೀಯ ಅಂತ ಬರ್ತೀನಿ. ಈ ಸಲಾನೂ ಬಾಗಿಲು ಹಾಕಿದ್ರೆ ಆ ಮನೆ ಕಡೆ ತಲೆ ಹಾಕಿ ಕೂಡ ಮಲಗಲ್ಲಮ್ಮ, ಹೇಳಿರ್ತೀನಿ."

ನಿನ್ನೆ ಪಕ್ಕದ ಮನೆಯ ಕಿಟಕಿಗೆ ಎಣ್ಣೆ ಹಚ್ಚುತ್ತಿದ್ದ ಪಾಲಿಶಿನವನು, ಹಸಿ ಇರುವಾಗ ಮುಚ್ಚಿದರೆ ಚೌಕಟ್ಟಿಗೆ ಅಂಟಿ ಕಿತ್ತುಬರುತ್ತದೆ, ಒಣಗುವ ತನಕ ತೆರೆದೇ ಇರಬೇಕು ಎಂದದ್ದು ಕಿವಿಗೆ ಬಿದ್ದದ್ದೇ ತಡ, ಆಕೆಗೆ ದಾರಿ ಹೊಳೆಯಿತು. ತೆರೆದ ಬಾಗಿಲಲ್ಲಿ ನಿಂತು ಎದುರಿನವರ ಮುಖಕ್ಕೆ 'ಹೋಗು' ಅನ್ನುವ ಗಂಡಸಲ್ಲ ತನ್ನ ಗಂಡ. ನಡುವೆ ಒಂದು ಹಲಗೆ ಬೇಕು. ಇಷ್ಟು ವರ್ಷ ಬಾಳಿದ ಮೇಲೆ ಇಷ್ಟಾದರೂ ತಿಳಿಯದೇ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬಿರುಕಿನಲ್ಲಿ ಕಳ್ಳ ಕಬ್ಬಿಣದ ಸಲಾಕೆ ತೂರಿಸುತ್ತಾನೆ ಎಂದು ಹೆದರಿಸಿದ್ದಕ್ಕೆ ಯಜಮಾನರು ಪಾಲಿಶಿಗೆ ಕೂಡಲೇ ಒಪ್ಪಿದ್ದರು.

ಒಪ್ಪಿದವರು ಈಗ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಪಹರೆಗೆ ಕೂತಿದ್ದರು. ಹಾದುಹೋಗುವ ಸೈಕಲ್ಲಿಗೂ ಕತ್ತೆತ್ತುತ್ತಿದ್ದರು. "ಮನೇನ ಸಂತೆ ಮಾಡ್ಬಿಟ್ಟೆ ಕಣೇ. ಬೀದೀಲಿ ಹೋಗೋರೆಲ್ಲ ಒಳಗೆ ಇಣುಕ್ತಾರೆ."

"ಇಣುಕಲಿ ಬಿಡಿ. ಇಲ್ಲಿ ಇಟ್ಟಿರೋದಾದ್ರೂ ಏನು?"

ಟೀ ಕುದಿಯುತ್ತಿದ್ದಾಗ ಫೋನು ಬಂತು. ಆಕೆ ಒಲೆಯ ಮೂಲೆಗೆ ಸರಿದು ಪಿಸುಗುಟ್ಟಿದಳು. "ಎಲ್ಲಿದ್ದೀಯೇ?"

"ಬಸ್ಸಿನ ಟೈರು ಹೋಗಿದೆ. ಬದಲಾಯಿಸ್ತಾ ಇದ್ದಾರೆ."

"ಅಯ್ಯೋ! ಬೇಗ ಬಾರೆ, ಬಾಗಿಲು ಒಣಗಿಬಿಡುತ್ತೆ."

"ಬಾಗಿಲು ಒಣಗೋದಕ್ಕೂ ನಾನು ಬರೋದಕ್ಕೂ ಏನಮ್ಮ ಸಂಬಂಧ? ಹುಷಾರಾಗಿದ್ದೀಯ ತಾನೆ?"

"ಯಾರದೇ ಅದು?" ಪಡಸಾಲೆಯಿಂದ ಯಜಮಾನರ ದನಿ.

"ಹಾಲಿನವನು!" ಎಂದು ಕೂಗಿದಳು, ಬೇಕಿದ್ದಕ್ಕಿಂತ ಜೋರಾಗಿ. ಟೀ ಉಕ್ಕಿ ಒಲೆ ಆರಿತು.

ಹೊರಗೆ ಬರುವಷ್ಟರಲ್ಲಿ ಬಿಸಿಲು ಮೆಟ್ಟಿಲು ಹತ್ತಿಬಿಟ್ಟಿತ್ತು. ಆಕೆ ದಡಬಡ ಒಳಗೋಡಿ ಹಳೆಯ ಬೆಡ್‌ಶೀಟು ತಂದು ಸಜ್ಜೆಯ ಕೊಕ್ಕೆಗಳಿಗೆ ಕಟ್ಟತೊಡಗಿದಳು. ಪಾಲಿಶಿನವನಿಗೆ ಖುಷಿಯಾಯಿತು. "ಒಳ್ಳೇದು ಮಾಡಿದ್ರಿ. ಹಸಿ ಎಣ್ಣೆಗೆ ಬಿಸಿಲು ಹೊಡೆದ್ರೆ ಮೇಲೆ ಕೆನೆ ಕಟ್ಟುತ್ತೆ, ಒಳಗೆ ಇಳಿಯಲ್ಲ." ಆಕೆಯೂ ಅದಕ್ಕೇ ಕಟ್ಟಿದ್ದು ಎಂಬಂತೆ ತಲೆಯಾಡಿಸಿದಳು. ಅವನು ಎಣ್ಣೆಬಟ್ಟೆಗಳನ್ನು ಕಾಂಪೌಂಡಿನ ಮೇಲೆ ಒಂದೊಂದಾಗಿ ಹರವಿದ. ಮುದ್ದೆ ಮಾಡಿಟ್ಟರೆ ಒಳಗೊಳಗೇ ಕಾದು ತಾನಾಗಿಯೇ ಹೊತ್ತಿಕೊಳ್ಳುತ್ತವೆ ಎಂದು ಯಜಮಾನರಿಗೆ ವಿವರಿಸಿದ. ಅವರು ಹೂಂಗುಟ್ಟಿದರೇ ಹೊರತು ಕಣ್ಣೆಲ್ಲ ಬಾಗಿಲಿನ ಮೇಲೇ.

ಆಕೆಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಗೇಟಿಗೆ ಹೋದಳು, ಬಂದಳು, ಒಣಗಿದ ಬಟ್ಟೆ ಮಡಿಸಿದಳು, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

"ಯಾಕೆ ಬೆಳಗ್ಗಿಂದ ಹೀಗೆ ಸುತ್ತಾಡ್ತಿದ್ದೀಯ?" ಎಂದರು ಯಜಮಾನರು.

"ನಾನೆಲ್ಲಿ ಸುತ್ತಾಡ್ತಿದ್ದೀನಿ?" ಎಂದಳು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ.

ಬಸ್ಸಿನ ಸುದ್ದಿಯಿಲ್ಲ. ಬಿಸಿಲು ಹಳದಿಗೆ ತಿರುಗಿತು. ಎರಡನೆಯ ಲೋಟ ಟೀ ಮುಗಿಸಿದ ಪಾಲಿಶಿನವನು ಬೆಡ್‌ಶೀಟು ಸರಿಸಿ, ಬಾಗಿಲಿಗೆ ಬೆರಳೊತ್ತಿ, ಆ ಬೆರಳನ್ನು ಯಜಮಾನರ ಮೂಗಿನ ಮುಂದೆ ಹಿಡಿದ. "ನೋಡಿ, ಚೂರೂ ಹತ್ತಲ್ಲ. ಗಾಳಿ ಚೆನ್ನಾಗಿತ್ತು, ಬೇಗ ಒಣಗ್ತು. ಇನ್ನು ಧಾರಾಳವಾಗಿ ಹಾಕ್ಕೊಳ್ಳಿ."

ಯಜಮಾನರು ಅದಕ್ಕೇ ಕಾದಿದ್ದವರು. ಎದ್ದು ಹೋಗಿ ಹಿಡಿಕೆ ಹಿಡಿದರು. ಎಣ್ಣೆ ಕುಡಿದ ಮರ ಕೆಂಪಗೆ ಹೊಳೆಯುತ್ತ ಸದ್ದಿಲ್ಲದೆ ಅರ್ಧ ತಿರುಗಿತು. ಅಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತಿತು.

ಮಗಳು ಇಳಿದಳು. ಸೊರಗಿದ್ದಳು. ಸೂಟ್‌ಕೇಸನ್ನು ಕಾಲ ಬಳಿ ಇಟ್ಟುಕೊಂಡು ಅಲ್ಲೇ ನಿಂತಳು; ಗೇಟಿಗೆ ಕೈ ಹಾಕಲಿಲ್ಲ. ಅರ್ಧ ಮುಚ್ಚಿದ ಬಾಗಿಲನ್ನೂ ಅದರ ಹಿಡಿಕೆಯ ಮೇಲಿದ್ದ ಅಪ್ಪನ ಕೈಯನ್ನೂ ನೋಡಿದಳು. ಆಟೋದವನಿಗೆ ಏನೋ ಹೇಳಿದಳು. ಅವನು ಇಂಜಿನ್ ಆರಿಸಲಿಲ್ಲ.

ಇಡೀ ದಿನದ ಉಪಾಯವೆಲ್ಲ ನೀರಿನಲ್ಲಿ ಹೋಮವಾಯಿತು ಎಂದು ಆಕೆಗೆ ಅಳು ಬಂತು. ಅಳುವಿನ ಹಿಂದೆಯೇ ಮಾತೂ ಬಂತು. "ರೀ, ನಾನೇ ಬರೋಕೆ ಹೇಳಿದ್ದು. ಎಣ್ಣೆ ಹಚ್ಚಿಸಿದ್ದೂ ಅದಕ್ಕೇನೆ. ನೀವು ಬಾಗಿಲು ಹಾಕೋದಾದ್ರೆ ನಾನೂ ಆಚೆಗೆ ಹೋಗ್ತೀನಿ, ಆಮೇಲೆ ಹಾಕ್ಕೊಳ್ಳಿ."

ಯಜಮಾನರು ಆಕೆಯನ್ನು ನೋಡಲಿಲ್ಲ. ಗೇಟಿನ ಕಡೆಗೂ ನೋಡಲಿಲ್ಲ. ಹಿಡಿಕೆ ಬಿಟ್ಟು, ತೋರುಬೆರಳನ್ನು ಬಾಗಿಲಿನ ನಡುವಿಗೆ ಊರಿ ಹಾಗೆಯೇ ನಿಂತರು.

"ಇನ್ನೂ ಹಸಿ ಇದೆ" ಎಂದರು.

"ಇಲ್ಲ ಯಜಮಾನ್ರೇ, ಈಗಷ್ಟೇ ನಾನೇ..." ಪಾಲಿಶಿನವನು ಬಾಯಿ ತೆರೆದ.

"ನಂಗೆ ಹತ್ತುತ್ತೆ ಕಣಯ್ಯ" ಎಂದು ರೇಗಿದರು. ಬಾಗಿಲನ್ನು ಗೋಡೆಗೆ ತಾಗುವಷ್ಟು ಹಿಂದಕ್ಕೆ ತಳ್ಳಿದರು. "ತೆಗೆದೇ ಇರಲಿ."

ಆಮೇಲೆ ಹೆಗಲ ಮೇಲಿದ್ದ ಟವೆಲ್ ತೆಗೆದು, ಏನೂ ಅಂಟಿರದ ಆ ಬೆರಳನ್ನು ಒರೆಸಿಕೊಳ್ಳುತ್ತ ನಿಂತರು.