ಗೋಲ್‌ಕೀಪರ್ ಕಾರ್ಡು ಮಾರಲು ಹೋದವನು

ಮನೆಯಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ವಸ್ತುವಿನ ಫೋಟೊ ತೆಗೆದು ಫೋನಿನಲ್ಲಿ ಹಾಕಿದರೆ ಸಾಕು, ಎಲ್ಲಿಂದಲೋ ಗಿರಾಕಿ ಬರುವ ಕಾಲ ಇದು. ಸೈಕಲ್ಲು, ಮಕ್ಕಳಿಗೆ ಗಿಡ್ಡವಾದ ಬಟ್ಟೆ, ಓದಿ ಮುಗಿಸಿದ ಪುಸ್ತಕ ಎಲ್ಲವೂ ಹೀಗೆ ಕೈ ಬದಲಾಗುತ್ತಿವೆ. ಮಾರುವವರ ಮುಖವನ್ನು ಕೊಳ್ಳುವವರು ನೋಡಿರುವುದಿಲ್ಲ, ಕೊಳ್ಳುವವರ ಮುಖವನ್ನು ಮಾರುವವರು ನೋಡಿರುವುದಿಲ್ಲ. ಗಡಿಯಾರ ರಿಪೇರಿ ಮಾಡುವ ಒಬ್ಬ ಮೋಸಕ್ಕೆ ಸಿಕ್ಕಿಬಿದ್ದದ್ದು ಇಲ್ಲಿಯೇ.

ಅವನದು ಕನ್ನಡಕದ ಅಂಗಡಿಯ ಪಕ್ಕ, ಮಹಡಿ ಮೆಟ್ಟಿಲಿನ ಕೆಳಗಿನ ಸಣ್ಣ ಅಂಗಡಿ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ಬೀದಿಯಲ್ಲೇ ನಿಲ್ಲಬೇಕು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಚಿಕ್ಕ ತಿರುಪನ್ನು ಚಿಮಟದಲ್ಲಿ ಹಿಡಿದು ಕೂರಿಸುವುದು ಅವನ ಕಸುಬು. ಅವನಿಗಿದ್ದ ಹುಚ್ಚು ಒಂದೇ, ಫುಟ್‌ಬಾಲ್ ಆಟಗಾರರ ಚಿತ್ರವಿರುವ ಕಾರ್ಡುಗಳು. ಚಿಕ್ಕವನಿದ್ದಾಗ ಚೂಯಿಂಗ್ ಗಮ್ ಪೊಟ್ಟಣದಲ್ಲಿ ಬರುತ್ತಿದ್ದವನ್ನೆಲ್ಲ ಕೂಡಿಸಿ, ಪ್ಲಾಸ್ಟಿಕ್ ಹೊದಿಕೆಯ ಆಲ್ಬಮ್ಮಿನಲ್ಲಿ ಜೋಪಾನವಾಗಿ ಇಟ್ಟಿದ್ದ. ಹೆಂಡತಿ ಆ ಆಲ್ಬಮ್ಮಿಗೆ 'ನನ್ನ ಸವತಿ' ಎಂದು ಹೆಸರಿಟ್ಟಿದ್ದಳು.

ಅದರಲ್ಲಿ ಒಬ್ಬ ಗೋಲ್‌ಕೀಪರನ ಕಾರ್ಡು ಇತ್ತು. ಅಚ್ಚಿನವರ ಅಚಾತುರ್ಯದಿಂದ ಚಿತ್ರ ಎಡಬಲ ತಿರುಗಿ, ಅಂಗಿಯ ಮೇಲಿನ ಅಂಕಿ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬಿದ್ದಿತ್ತು. ತಪ್ಪು ಗೊತ್ತಾದೊಡನೆ ಕಂಪನಿ ಅಂಥ ಕಾರ್ಡುಗಳನ್ನು ವಾಪಸ್ ತೆಗೆದುಕೊಂಡಿದ್ದರಿಂದ ಹೊರಗೆ ಉಳಿದಿದ್ದು ಕೆಲವೇ ಕೆಲವು. ಮಗಳು ಸಂಗೀತದ ಕೀಬೋರ್ಡ್ ಬೇಕೆಂದು ಆಸೆಪಟ್ಟಾಗ, ಅವನು ಮನಸ್ಸು ಗಟ್ಟಿ ಮಾಡಿ ಆ ಕಾರ್ಡನ್ನು ಮಾರಾಟದ ವೆಬ್‌ಸೈಟಿಗೆ ಹಾಕಿದ.

ಹಾಕಿದ್ದೇ ತಡ, ತಲೆನೋವು ಶುರುವಾಯಿತು. ಒಬ್ಬ ಮೂಲೆ ಮೂಲೆಯ ಫೋಟೊ ಕೇಳಿ, ಎಲ್ಲ ಕಳಿಸಿದ ಮೇಲೆ ಮಾಯವಾದ. ಇನ್ನೊಬ್ಬ ಒಂದು ಕಪ್ ಕಾಫಿಯ ಬೆಲೆಗೆ ಕೇಳಿ, ಕೊಡದಿದ್ದಕ್ಕೆ ಬೈದ. ಮತ್ತೊಬ್ಬ 'ಇದು ಅಸಲಿಯೋ ನಕಲಿಯೋ' ಎಂದು ದಿನವೂ ಅದನ್ನೇ ಕೇಳಿದ. ಬೇಸತ್ತು ತೆಗೆದುಹಾಕೋಣ ಎಂದುಕೊಳ್ಳುವಷ್ಟರಲ್ಲಿ ಒಬ್ಬ ಸಭ್ಯ ಗಿರಾಕಿ ಬಂದ. ಚೌಕಾಸಿ ಇಲ್ಲ, ಅನುಮಾನ ಇಲ್ಲ, ಮಾತಿಗೊಮ್ಮೆ 'ಸರ್'. ಸೈಟಿನವರು ಸುಮ್ಮನೆ ಕಮಿಷನ್ ತಿನ್ನುತ್ತಾರೆ, ನಾವು ನಾವೇ ನೇರವಾಗಿ ಮಾಡಿಕೊಳ್ಳೋಣ ಎಂದ. ಅವನ ಮಾತು ಸರಿಯೆನ್ನಿಸಿತು. ಹಣವೂ ಆಗಲೇ ಬಂತು. ಗಡಿಯಾರದವನು ಕಾರ್ಡನ್ನು ಎರಡು ರಟ್ಟಿನ ನಡುವೆ ಇಟ್ಟು, ಲಕೋಟೆಯ ಹಿಂದೆ ತನ್ನ ಅಂಗಡಿಯ ವಿಳಾಸ ಬರೆದು ಕಳಿಸಿಕೊಟ್ಟ.

ಪಾರ್ಸೆಲ್ ತಲುಪಿದ ದಿನವೇ ಸಭ್ಯನ ದನಿ ಬದಲಾಯಿತು. ಕಳಿಸಿದ್ದು ನಕಲಿ, ಹಣ ವಾಪಸ್ ಹಾಕಿ, ಕಾರ್ಡು ಹಿಂದಿರುಗಿಸುತ್ತೇನೆ ಎಂಬ ಸಂದೇಶ ಬಂತು. ಜೊತೆಗೊಂದು ವಿಡಿಯೊ. ಅದರಲ್ಲಿ ಯಾರದೋ ಕೈ ಇವನದೇ ಲಕೋಟೆಯಿಂದ ಒಂದು ಕಾರ್ಡು ತೆಗೆದು, ಉಗುರಿನಿಂದ ಕೆರೆದು ಬಣ್ಣ ಏಳುವುದನ್ನು ತೋರಿಸುತ್ತಿತ್ತು. ಗಡಿಯಾರದವನು ಮರ್ಯಾದೆಗೆ ಅಂಜುವ ಮನುಷ್ಯ. ಹಿಂದುಮುಂದು ನೋಡದೆ ಹಣ ಮರಳಿಸಿದ. ವಾಪಸ್ ಬಂದ ಲಕೋಟೆಯಲ್ಲಿದ್ದದ್ದು ಜೆರಾಕ್ಸ್ ಹಾಳೆ ಅಂಟಿಸಿದ ಒಂದು ರಟ್ಟು.

ಅಲ್ಲಿಗೆ ಹಣವೂ ಹೋಯಿತು, ಕಾರ್ಡೂ ಹೋಯಿತು. ಅಷ್ಟಕ್ಕೇ ಮುಗಿದಿದ್ದರೆ ಅವನು ಹಣೆಬರಹ ಎಂದುಕೊಂಡು ಸುಮ್ಮನಾಗುತ್ತಿದ್ದ. ಆದರೆ ಹೆದರಿದವನನ್ನು ಇನ್ನಷ್ಟು ಹೆದರಿಸಬಹುದು ಎಂದು ಆ ಮೋಸಗಾರರಿಗೆ ಗೊತ್ತಾಗಿಹೋಗಿತ್ತು.

ಮರುದಿನ ಅವನ ಫೋನಿಗೆ ಎರಡು ಚಿತ್ರಗಳು ಬಂದವು. ಒಂದರಲ್ಲಿ ಅವನ ಅಂಗಡಿ. ಇನ್ನೊಂದರಲ್ಲಿ ಶಾಲೆಯ ಸಮವಸ್ತ್ರದಲ್ಲಿ ನಗುತ್ತಿರುವ ಅವನ ಮಗಳು. ಕೆಳಗೆ ಒಂದಕ್ಷರವೂ ಇರಲಿಲ್ಲ. ಅವನು ಚಿಮಟ ಕೆಳಗಿಟ್ಟು ಎದ್ದ. ಬೀದಿಗೆ ಬಂದು ಆಚೀಚೆ ನೋಡಿದ. ಎದುರಿನ ಗೋಡೆಗೆ ಒರಗಿ ನಿಂತವನೊಬ್ಬ ಇವನನ್ನೇ ನೋಡುತ್ತಿದ್ದಾನೆ ಅನ್ನಿಸಿತು. ಪಾಪ, ಅವನು ಬಸ್ಸಿಗೆ ಕಾಯುತ್ತಿದ್ದವನು. ಅಂದಿನಿಂದ ಗಡಿಯಾರದವನು ಮಗಳನ್ನು ತಾನೇ ಶಾಲೆಗೆ ಬಿಟ್ಟು ತಾನೇ ಕರೆತರತೊಡಗಿದ. ಅಂಗಡಿಯ ಬಾಗಿಲನ್ನು ಹಾಡಹಗಲಲ್ಲೇ ಅರ್ಧ ಎಳೆದುಕೊಂಡು ಕೂತ. ಹೆಂಡತಿ ಕೇಳಿದರೆ ಬಿಸಿಲು ಹೊಡೆಯುತ್ತದೆ ಎಂದ. ಊಟದ ತಟ್ಟೆಯ ಮುಂದೆ ಕೂತವನು ತುತ್ತು ಕಲಸುತ್ತಲೇ ಇರುತ್ತಿದ್ದ.

ಆಮೇಲೆ ವಿಡಿಯೊ ಕರೆ ಬಂತು. ಪೊಲೀಸ್ ಸಮವಸ್ತ್ರ ತೊಟ್ಟ ಒಬ್ಬ ಮನುಷ್ಯ, ಹಿಂದೆ ಬಾವುಟ, ಮುಂದೆ ಕಡತಗಳ ರಾಶಿ. ನಕಲಿ ವಸ್ತು ಮಾರಿದ್ದಕ್ಕೆ ನಿಮ್ಮ ಮೇಲೆ ದೂರು ದಾಖಲಾಗಿದೆ, ಬಂಧಿಸಲು ಆದೇಶವೂ ಆಗಿದೆ ಎಂದು ಅವನು ತಣ್ಣಗೆ ಹೇಳಿದ. ತನಿಖೆ ಮುಗಿಯುವವರೆಗೆ ಭದ್ರತಾ ಠೇವಣಿ ಇಟ್ಟರೆ ಮನೆಗೆ ಬರುವುದಿಲ್ಲವಂತೆ. ಕರೆ ಕತ್ತರಿಸುವಂತಿಲ್ಲ. ಮನೆಯವರಿಗೆ ಹೇಳಿದರೆ ಅವರ ಹೆಸರನ್ನೂ ಸೇರಿಸಬೇಕಾಗುತ್ತದಂತೆ. ಗಡಿಯಾರದವನು ಎಲ್ಲಕ್ಕೂ ಹೂಂ ಎಂದ. ನಾನು ಇಷ್ಟು ವರ್ಷ ಇಟ್ಟುಕೊಂಡಿದ್ದದ್ದೇ ನಕಲಿಯೇನೋ ಎಂಬ ಅನುಮಾನವೂ ಹೊಕ್ಕಿತು. ಅವನ ಖಾತೆಯಲ್ಲಿ ಅಷ್ಟು ಹಣ ಇರಲಿಲ್ಲ. ಹೆಂಡತಿಯ ಖಾತೆಯಿಂದ ಹಾಕಿಸಿ ಎಂದ ಆ ಮನುಷ್ಯ, ಅವಳ ಖಾತೆಯ ವಿವರವನ್ನೆಲ್ಲ ಇವನ ಬಾಯಿಂದಲೇ ಹೇಳಿಸಿಕೊಂಡ. ಇನ್ನು ಬ್ಯಾಂಕಿನಿಂದ ಅವಳ ಫೋನಿಗೆ ಬರುವ ಗುಟ್ಟಿನ ನಂಬರೊಂದೇ ಬೇಕಿತ್ತು, ಅದನ್ನು ಕೇಳಿ ತರಲು ಇವನನ್ನೇ ಕಳಿಸಿದ.

ಹೆಂಡತಿ ಹಲ್ಲಿನ ಡಾಕ್ಟರ ಆಸ್ಪತ್ರೆಯಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸದವಳು. ಮಧ್ಯಾಹ್ನದ ಹೊತ್ತು ಗಂಡ ಒಳಗೆ ಬಂದದ್ದನ್ನು ಕಂಡು, ಹಲ್ಲುನೋವೇನೋ ಅಂದುಕೊಂಡಳು. ಹತ್ತಿರ ಬಂದಾಗ ನೋಡಿದರೆ ಅಂಗಿಯೆಲ್ಲ ಬೆವರಿನಿಂದ ಒದ್ದೆಯಾಗಿದೆ.

"ನಿನ್ನ ಫೋನಿಗೊಂದು ನಂಬರ್ ಬಂದಿರತ್ತೆ. ಅದನ್ನ ಹೇಳು," ಅಂದ.

"ಯಾವ ನಂಬರು? ಯಾಕೆ?"

"ಸುಮ್ನೆ ಹೇಳು. ಆಮೇಲೆ ಹೇಳ್ತೀನಿ."

"ಈಗಲೇ ಹೇಳಿ. ಏನಾಯ್ತು ನಿಮಗೆ?"

ಆಗ ಅವನ ಅಂಗಿಯ ಜೇಬಿನೊಳಗಿಂದ ಒಂದು ಗಂಡಸಿನ ದನಿ ಕೇಳಿಸಿತು. "ನಾನು ಕೇಳಿಸ್ಕೊಳ್ತಾ ಇದೀನಿ. ಬೇಗ ಮುಗಿಸಿ."

ಅವಳು ಅವನ ಜೇಬಿಗೆ ಕೈ ಹಾಕಿ ಫೋನು ತೆಗೆದು, ಕರೆ ಕತ್ತರಿಸಿ, ಸ್ವಿಚ್ ಆಫ್ ಮಾಡಿಬಿಟ್ಟಳು. ಗಡಿಯಾರದವನು ರೋಗಿಗಳ ಬೆಂಚಿನ ಮೇಲೆ ಕುಸಿದು ಕೂತ. ಕೆಟ್ಟೆವು, ಈಗ ಅವರು ಮಗಳ ಶಾಲೆಗೇ ಹೋಗುತ್ತಾರೆ ಎಂದಷ್ಟೇ ಅವನ ಬಾಯಿಂದ ಬಂದದ್ದು.

ಇಬ್ಬರೂ ಶಾಲೆಗೆ ಓಡಿದರು. ಮಗಳು ಮೈದಾನದಲ್ಲಿ ಗೆಳತಿಯ ಜೊತೆ ಜಗಳವಾಡುತ್ತಾ ಆರಾಮವಾಗಿದ್ದಳು. ಅಪ್ಪ ಅಮ್ಮ ಇಬ್ಬರೂ ಏದುಸಿರು ಬಿಡುತ್ತಾ ಬಂದದ್ದು ಕಂಡು ಅವಳೇ ಗಾಬರಿಯಾದಳು. ಅವಳನ್ನು ಕರೆದುಕೊಂಡು ನೇರ ತಮ್ಮ ಅಂಗಡಿಯ ಪಕ್ಕದ ಕನ್ನಡಕದ ಅಂಗಡಿಗೆ ಬಂದರು. ಅಲ್ಲಿಯ ಒಡತಿಯನ್ನು ಬೀದಿಯೆಲ್ಲ ಕನ್ನಡಕದಕ್ಕ ಎಂದೇ ಕರೆಯುತ್ತಿತ್ತು. ಹಳೆಯ ಕ್ಯಾಮೆರಾಗಳನ್ನು ಆನ್‌ಲೈನಿನಲ್ಲಿ ಕೊಂಡು ಮಾರಿ ಅವಳಿಗೆ ಅಭ್ಯಾಸವಿತ್ತು.

ಗಡಿಯಾರದವನು ನಡೆದದ್ದನ್ನೆಲ್ಲ ಹೇಳಿದ, ಅಕ್ಕ ಕೇಳಿಸಿಕೊಂಡಳು. ಆಮೇಲೆ ಪೊಲೀಸರ ಹತ್ತಿರ ಹೋಗೋಣ ಎಂದಳು.

ಗಡಿಯಾರದವನು ಎದ್ದೇ ನಿಂತ. "ಬೇಡಕ್ಕ. ಹೋದ್ರೆ ನನ್ನನ್ನೇ ಒಳಗೆ ಹಾಕ್ತಾರೆ. ಹಣ ಕೊಟ್ಟು ಕೈ ತೊಳ್ಕೋತೀನಿ."

"ಕೊಟ್ರೆ ಬಿಡ್ತಾರೆ ಅಂದ್ಕೊಂಡಿದೀಯಾ? ಒಂದ್ಸಲ ಕೊಟ್ಟೆ, ಬಿಟ್ರಾ?"

"ಅವರು ಪೊಲೀಸ್ನೋರು ಅಕ್ಕ. ಯೂನಿಫಾರ್ಮ್ ಇತ್ತು."

"ನಾಟಕದೋರೂ ಹಾಕ್ತಾರಪ್ಪ ಯೂನಿಫಾರ್ಮು. ಯಾವ ಪೊಲೀಸು ಫೋನಲ್ಲಿ ಬಂಧಿಸ್ತಾನೆ? ಯಾವ ಪೊಲೀಸು ಹೆಂಡ್ತಿಗೆ ಹೇಳ್ಬೇಡ ಅಂತಾನೆ? ಹೇಳಿದ್ರೆ ಅವನ ಆಟ ಕೆಡತ್ತೆ, ಅದಕ್ಕೇ ಬೇಡ ಅಂದಿದ್ದು."

ಮಗಳ ಚಿತ್ರ ಅವರ ಹತ್ತಿರ ಹೇಗೆ ಹೋಯಿತು, ಅದಕ್ಕೇನು ಹೇಳುತ್ತೀ ಎಂದು ಅವನು ಕೇಳಿದ. ಅಕ್ಕ ಅವನ ಫೋನು ಆನ್ ಮಾಡಿ, ಆ ಚಿತ್ರವನ್ನು ದೊಡ್ಡದು ಮಾಡಿ ಅವನ ಮುಂದೆ ಹಿಡಿದಳು. ಅವನು ನೋಡಿದ. ಶಾಲೆಯ ವಾರ್ಷಿಕೋತ್ಸವದ ದಿನ ಅವನೇ ತೆಗೆದದ್ದು, ಅವನೇ ತನ್ನ ಫೋನಿನ ಪ್ರೊಫೈಲಿಗೆ ಹಾಕಿಕೊಂಡದ್ದು. ಅಂಗಡಿಯ ಚಿತ್ರವನ್ನೂ ಕಾರ್ಡಿನ ಜೊತೆ ಮಾರಾಟದ ಸೈಟಿಗೆ ಹಾಕಿದ್ದು ಅವನೇ. ಯಾರೂ ಅವನ ಬೀದಿಗೆ ಬಂದಿರಲಿಲ್ಲ. ಹೆದರಿದ ಕಣ್ಣಿಗೆ ಅದು ಕಂಡಿರಲಿಲ್ಲ ಅಷ್ಟೇ. ಕೆರೆಯುವ ವಿಡಿಯೊವನ್ನು ಮತ್ತೆ ಹಾಕಿ ಅಕ್ಕ ಒಂದು ಕಡೆ ನಿಲ್ಲಿಸಿದಳು. ಲಕೋಟೆ ಇವನದು, ಆದರೆ ಅದನ್ನು ಮೊದಲೇ ಬಿಚ್ಚಿ ಮತ್ತೆ ಅಂಟಿಸಿದ ಗುರುತು ಅಂಚಿನಲ್ಲಿ ಸ್ಪಷ್ಟವಾಗಿತ್ತು. ಒಳಗಿನ ಕಾರ್ಡನ್ನು ಬದಲಿಸಿ ವಿಡಿಯೊ ಮಾಡಿದ್ದರು. ಗಡಿಯಾರದವನು ಮುಖ ಮುಚ್ಚಿಕೊಂಡು ಅತ್ತ. ಹೆಂಡತಿ ಅವನ ಬೆನ್ನ ಮೇಲೆ ಕೈಯಿಟ್ಟು, ಬೈಯುವುದನ್ನೆಲ್ಲ ಆಮೇಲೆ ಬೈಯುತ್ತೇನೆ, ಮೊದಲು ಏಳಿ ಎಂದಳು.

ಠಾಣೆಯ ಮೆಟ್ಟಿಲನ್ನು ಅವನು ಹೆಂಡತಿಯ ಕೈ ಹಿಡಿದು ಹತ್ತಿದ. ಒಳಗಿದ್ದ ಮಹಿಳಾ ಅಧಿಕಾರಿ ನೀರು ಕೊಟ್ಟು ಕೂರಿಸಿ, ಸಂದೇಶ, ವಿಡಿಯೊ, ಹಣ ಹೋದ ಖಾತೆಯ ವಿವರ ಎಲ್ಲ ತೆಗೆದುಕೊಂಡರು. ಅವನ ಹೆಸರಿನಲ್ಲಿ ಎಲ್ಲಿಯೂ ಯಾವ ದೂರೂ ಇರಲಿಲ್ಲ. ಬಂದ ಸಂದೇಶ ಒಂದನ್ನೂ ಅಳಿಸದೆ ಇಟ್ಟದ್ದು ಒಳ್ಳೆಯದಾಯಿತು ಎಂದರು. ಬ್ಯಾಂಕಿನವರಿಗೆ ಹೇಳಿ ಹೆಂಡತಿಯ ಖಾತೆಯನ್ನು ಅಲ್ಲಿಂದಲೇ ಭದ್ರ ಮಾಡಿಸಿದರು. ಆ ನಂಬರನ್ನು ಅವಳು ಹೇಳದೆ ಇದ್ದದ್ದರಿಂದ ಅವಳ ಉಳಿತಾಯ ಉಳಿಯಿತು. ಕಾರ್ಡು ಮಾತ್ರ ಸಿಗಲಿಲ್ಲ. ಸಿಗುತ್ತದೆ ಎಂದು ಯಾರೂ ಸುಳ್ಳು ಆಸೆ ಹುಟ್ಟಿಸಲೂ ಇಲ್ಲ.

ಗಡಿಯಾರದವನ ಭಯ ಒಂದೇ ಏಟಿಗೆ ಹೋಗಲಿಲ್ಲ. ಗೊತ್ತಿಲ್ಲದ ಕರೆ ಬಂದರೆ ಈಗಲೂ ಅವನ ಎದೆ ಧಸಕ್ಕೆನ್ನುತ್ತದೆ. ಆದರೂ ಅವನು ಕಾರ್ಡಿನ ವ್ಯವಹಾರ ಬಿಟ್ಟಿಲ್ಲ. ಮಾತೂ ಹಣವೂ ಸೈಟಿನ ಮೂಲಕವೇ. ಪಾರ್ಸೆಲ್ ಕಟ್ಟುವಾಗ ಕಾರ್ಡಿನ ಹಿಂದುಮುಂದು, ಲಕೋಟೆ ಅಂಟಿಸುವುದು ಎಲ್ಲವನ್ನೂ ಹೆಂಡತಿ ವಿಡಿಯೊ ಮಾಡುತ್ತಾಳೆ. ಮೊನ್ನೆ ಒಬ್ಬ ಬಹಳ ವಿನಯದಿಂದ, ಕಮಿಷನ್ ಯಾಕೆ ಸರ್, ನೇರವಾಗಿ ಮಾಡೋಣ ಎಂದು ಬರೆದಿದ್ದ. ಗಡಿಯಾರದವನು ಅದನ್ನು ಹೆಂಡತಿಗೆ ಓದಿ ಹೇಳಿ, ಅವಳೆದುರಿಗೇ 'ಆಗುವುದಿಲ್ಲ' ಎಂದು ಉತ್ತರ ಕೊಟ್ಟ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನೀವು ಮಾರುವುದು ಕಾರ್ಡೇ ಆಗಲಿ, ಹಳೆಯ ಮಂಚವೇ ಆಗಲಿ, ಸೈಟು ಬಿಟ್ಟು ಹೊರಗೆ ಬನ್ನಿ ಎಂದವರ ಹಿಂದೆ ಹೋಗಬೇಡಿ. ಕಳಿಸಿದ ವಸ್ತು ಕೈಗೆ ಬಂದು, ನೋಡಿ ಖಾತ್ರಿಯಾಗುವವರೆಗೆ ಹಣ ಹಿಂದಿರುಗಿಸಬೇಡಿ. ಫೋನಿಗೆ ಬಂದ ಗುಟ್ಟಿನ ನಂಬರನ್ನು ಗಂಡ ಕೇಳಲಿ, ಅಧಿಕಾರಿ ಕೇಳಲಿ, ಹೇಳಬೇಡಿ. ಮೋಸ ಹೋಗಿದ್ದರೆ ನಾಚಿಕೆಪಟ್ಟು ಸಂದೇಶಗಳನ್ನು ಅಳಿಸಬೇಡಿ, ತಡ ಮಾಡದೆ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ. ನಿಮ್ಮನ್ನು ಈಗಲೇ ಯಾರಾದರೂ ಹೆದರಿಸುತ್ತಿದ್ದರೆ, ಯಾರಿಗೂ ಹೇಳಬೇಡ ಎಂದಿದ್ದರೆ, ಫೋನು ಕೆಳಗಿಡಿ. ನಿಮ್ಮ ಪಕ್ಕದಲ್ಲಿ ಕೂತಿರುವವರ ಕಡೆ ತಿರುಗಿ ಅವರಿಗೆ ಎಲ್ಲವನ್ನೂ ಹೇಳಿಬಿಡಿ.